ಗುಡ್ಡ ಹತ್ತಿದ ಗಣಿತ ಮಾಸ್ತರು



ಇಂದಿನ ಚಿಂತನೆ ದಾಮೋದರ ಧರ್ಮಾನಂದ ಕೋಸಂಬಿಯವರ ಬಗ್ಗೆ.

ಕಳೆದ ವರ್ಷ ಒಂಬತ್ತನೇ ತರಗತಿ ಮಕ್ಕಳನ್ನು ಬನವಾಸಿಗೆ ಕರೆದುಕೊಂಡು ಹೋಗಿದ್ದೆ. ಮಧುಕೇಶ್ವರ ದೇವಸ್ಥಾನದ ನಾಗಶಿಲೆಯ ಮುಂದೆ ನಿಂತು ಚುಟುಗಳು, ಕದಂಬರು ಎಂದು ರಾಜರ ಹೆಸರು ಹೇಳುತ್ತಿದ್ದೆ. ನಮ್ಮ ಕೇರಿಯ ಹುಡುಗಿಯೊಬ್ಬಳು ಕೇಳಿದಳು: ಸರ್, ಈ ಕಲ್ಲಿನಲ್ಲಿ ನಮ್ಮಂಥವರದ್ದು ಏನಾದರೂ ಬರೆದಿದೆಯಾ? ನನಗೆ ಉತ್ತರ ಹೊಳೆಯಲಿಲ್ಲ. ಊಟದ ಹೊತ್ತಾಯಿತು ನಡೆಯಿರಿ ಎಂದುಬಿಟ್ಟೆ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರದ ದಾರಿ ತೋರಿಸಿದವರು ಪುಣೆಯ ಒಬ್ಬ ಗಣಿತ ಪ್ರಾಧ್ಯಾಪಕರು.

ಕೋಸಂಬಿಯವರು ಹುಟ್ಟಿದ್ದು 1907ರ ಜುಲೈ 31ರಂದು, ನಮ್ಮ ಪಕ್ಕದ ಗೋವೆಯಲ್ಲಿ. ತಂದೆ ಧರ್ಮಾನಂದ ಕೋಸಂಬಿಯವರು ಬುದ್ಧನನ್ನು ಅರಿಯಬೇಕೆಂದು ಮನೆ ಬಿಟ್ಟು ನೇಪಾಳ, ಸಿಂಹಳ, ಬರ್ಮಾ ಸುತ್ತಿದವರು, ಪಾಲಿಯ ದೊಡ್ಡ ವಿದ್ವಾಂಸರು. ಹಾರ್ವರ್ಡ್‌ನಲ್ಲಿ ಪಾಲಿ ಗ್ರಂಥದ ಕೆಲಸಕ್ಕೆ ಹೋದಾಗ, 1918ರಲ್ಲಿ, ಮಗನನ್ನೂ ಅಮೆರಿಕಕ್ಕೆ ಕರೆದೊಯ್ದರು. ಮಗ ಅಲ್ಲೇ ಶಾಲೆ ಕಲಿತು, 1929ರಲ್ಲಿ ಹಾರ್ವರ್ಡ್ ಪದವಿ ಪಡೆದು ಊರಿಗೆ ಮರಳಿದರು. ಕಾಶಿ, ಅಲಿಗಢ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿದರು. 1945ರಿಂದ 1962ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ಪುಣೆಯ ಮನೆ ಬಿಡದೆ ಡೆಕ್ಕನ್ ಕ್ವೀನ್ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅಣುಶಕ್ತಿಗಿಂತ ನಮ್ಮ ದೇಶಕ್ಕೆ ಬಿಸಿಲಿನ ಶಕ್ತಿಯೇ ತಕ್ಕದ್ದೆಂದು ಆ ಕಾಲದಲ್ಲೇ ವಾದಿಸಿದರು.

ಗಣಿತದವರು ಇತಿಹಾಸಕ್ಕೆ ಬಂದದ್ದು ತಕ್ಕಡಿ ಹಿಡಿದು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಹೆಚ್ಚು ದಿನ ಓಡಾಡಿದ್ದು ಹಗುರಾಗುತ್ತದೆ. ಹಾಗಾದರೆ ಹಳೆಯ ಮುದ್ರಾಂಕಿತ ಬೆಳ್ಳಿ ನಾಣ್ಯಗಳನ್ನು ಒಂದೊಂದಾಗಿ ತೂಗಿದರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ತಿಳಿಯಬಹುದಲ್ಲ? ಸಾವಿರಾರು ನಾಣ್ಯಗಳನ್ನು ತೂಗಿ ಲೆಕ್ಕ ಹಾಕಿದರು. ರಾಜನ ಹೆಸರಿಲ್ಲದ ನಾಣ್ಯವೂ, ಅದನ್ನು ಮುಟ್ಟಿದ ಸಾಮಾನ್ಯರ ಕೈಗಳಿಂದಾಗಿ, ಕಾಲ ಹೇಳಿತು.

ಆದರೆ ಅವರಿಗೆ ಮೇಜಿನ ಮುಂದೆ ಕೂತು ಬರೆದ ಇತಿಹಾಸ ಸಾಲದಾಯಿತು. ಕೋಲು ಹಿಡಿದು ಗುಡ್ಡ ಹತ್ತಿದರು. ಮನೆಯ ಹತ್ತಿರದ ಗುಡ್ಡದಲ್ಲೂ ಕುರುಬರು ನಡೆವ ಕಾಲುದಾರಿಗಳಲ್ಲೂ ಶಿಲಾಯುಗದ ಸಣ್ಣ ಕಲ್ಲಿನ ಅಲಗುಗಳನ್ನು ಹೆಕ್ಕಿದರು. ಊರಾಚೆಯ ಕುಂಕುಮ ಹಚ್ಚಿದ ಅಮ್ಮನ ಕಲ್ಲುಗಳ ಮುಂದೆ ನಿಂತು, ಇದನ್ನು ಯಾರು ಪೂಜಿಸುತ್ತಾರೆ, ಏಕೆ, ಎಂದಿನಿಂದ ಎಂದು ಕೇಳಿದರು. ಮನೆಯ ಬಳಿ ಬಿಡಾರ ಹಾಕುತ್ತಿದ್ದ ಪಾರಧಿ ಅಲೆಮಾರಿಗಳ ಬದುಕನ್ನು ನೋಡಿ ಕಲಿತರು. ಊರವರು ಕಳ್ಳರೆಂದು ದೂರ ಇಟ್ಟಿದ್ದ ಆ ಜನರ ಸಂಗತಿ 1956ರಲ್ಲಿ ಬಂದ ಅವರ ಭಾರತ ಇತಿಹಾಸದ ಪುಸ್ತಕದಲ್ಲಿ ಸೇರಿತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಕೊಟ್ಟ ವರ್ಷವೂ ಅದೇ.

ನಡೆದು ನಡೆದು ಅವರು ಕಂಡ ಇನ್ನೊಂದು ಸತ್ಯ ನಮಗೆ ಮುಖ್ಯ. ಸಹ್ಯಾದ್ರಿಯ ಬೌದ್ಧ ಗುಹೆಗಳು ಬರೀ ಏಕಾಂತಕ್ಕೆಂದು ಕೊರೆದವಲ್ಲ. ಅವು ಕರಾವಳಿಯಿಂದ ಘಟ್ಟ ಹತ್ತಿ ಬರುವ ವ್ಯಾಪಾರದ ದಾರಿಗಳಲ್ಲಿವೆ. ಅರಬೈಲು, ದೇವಿಮನೆ ಘಟ್ಟ ಹತ್ತಿ ಇಳಿಯುವ ನಮಗೆ ಇದು ಬೇಗ ಅರ್ಥವಾಗುತ್ತದೆ. ದಣಿದವರು ತಂಗುವ ಜಾಗದಲ್ಲಿ ಸಂಘ ಇತ್ತು.

ಅಂಥದ್ದೇ ಒಂದು ದಾರಿಯಲ್ಲಿದೆ ಕಾರ್ಲೆಯ ಚೈತ್ಯ, ಸುಮಾರು 124 ಅಡಿ ಉದ್ದದ್ದು. ಕೋಸಂಬಿಯವರು ಅಲ್ಲಿಯ ಶಾಸನಗಳನ್ನು ಕೂತು ಓದಿದರು, ಅವುಗಳ ಬಗ್ಗೆ ಬರೆದರು. ಅವರ ಬರಹದ ಜಾಡು ಹಿಡಿದು ನಾನೂ ಆ ಶಾಸನಗಳನ್ನು ಹುಡುಕಿ ಓದಿದೆ. ಬಾಗಿಲ ಕೆಲಸ ಮಾಡಿದ ಸಾಮಿ ಎಂಬ ಬಡಗಿಯ ಹೆಸರು ಅಲ್ಲಿದೆ. ಗಂಧದ ವ್ಯಾಪಾರಿ ಇದ್ದಾನೆ, ಯವನರಿದ್ದಾರೆ. ಇಡೀ ಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ನಾಗಶಿಲೆಯ ಪ್ರಾಕೃತ ಶಾಸನವನ್ನೂ ಮತ್ತೆ ನೋಡಿದೆ. ರಾಜಕುಮಾರಿ ಕೊಟ್ಟದ್ದು ನಾಗ ಒಂದೇ ಅಲ್ಲ; ಕೆರೆ ಮತ್ತು ವಿಹಾರ ಕೂಡ. ಎಷ್ಟು ವರ್ಷ ಆ ಕಲ್ಲಿನ ಮುಂದೆ ನಿಂತಿದ್ದೇನೆ, ವಿಹಾರ ಎಂಬ ಮಾತನ್ನು ಮಕ್ಕಳಿಗೆ ಹೇಳಿರಲೇ ಇಲ್ಲ.

ಕೋಸಂಬಿಯವರು ನಮ್ಮ ಹಾಗೆ ದೀಕ್ಷೆ ಪಡೆದ ಉಪಾಸಕರೆಂದು ನಾನು ಹೇಳುತ್ತಿಲ್ಲ. ಅವರ ದಾರಿ ಮಾರ್ಕ್ಸ್‌ವಾದದ್ದು. 1966ರ ಜೂನ್ 29ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 59 ತುಂಬಿರಲಿಲ್ಲ. ಆದರೆ ಬಂದು ನೋಡು, ಕೇಳಿದ್ದನ್ನೇ ನಂಬಬೇಡ ಎಂಬ ಬುದ್ಧನ ಮಾತನ್ನು ಅವರು ಕಾಲಿನಿಂದ ಪಾಲಿಸಿದರು.

ಮೊನ್ನೆ ಆ ಹುಡುಗಿಯನ್ನು ಕರೆದು ಹೇಳಿದೆ: ಮಗಾ, ನಮ್ಮ ಬನವಾಸಿಯಲ್ಲಿ ವಿಹಾರ ಇತ್ತು. ಇಲ್ಲಿಯವನೊಬ್ಬ ಕಟ್ಟಿಸಿದ ಚೈತ್ಯದಲ್ಲಿ ಬಡಗಿಯ ಹೆಸರೂ ಉಳಿದಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ವಿಹಾರ ಎಲ್ಲಿತ್ತು ಸರ್, ಹುಡುಕೋಣವಾ ಎಂದಳು. ಈ ಸಲ ನಾನು ಊಟದ ನೆಪ ಹೇಳಲಿಲ್ಲ.

ಇಂದಿನ ಅಭ್ಯಾಸ: ನಿಮ್ಮ ಕೇರಿಯ ಹಿರಿಯರೊಬ್ಬರ ಬಳಿ ಕೂತು, ಹಿಂದೆ ಘಟ್ಟಕ್ಕೆ, ಸಂತೆಗೆ ಯಾವ ಕಾಲುದಾರಿಯಲ್ಲಿ ನಡೆಯುತ್ತಿದ್ದರು, ಎಲ್ಲಿ ತಂಗುತ್ತಿದ್ದರು ಎಂದು ಕೇಳಿ. ಕೇಳಿದ್ದನ್ನು ಬರೆದಿಡಿ. ಆಮೇಲೆ ಮಕ್ಕಳನ್ನು ಕರೆದುಕೊಂಡು ಆ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.