ಕರ್ನಲ್ ಡ್ರೇಕ್ ಮತ್ತು ಕಲ್ಲೆಣ್ಣೆಯ ಬಾವಿ

ಮುಂಬಯಿಯ ಚಾಳುಗಳಲ್ಲಿ ಸ್ಟೋವುಗಳು ಭರ್‍ರೆಂದು ಉರಿಯುತ್ತಿದ್ದ ಕಾಲದಲ್ಲಿ, ಊರಿನಲ್ಲಿ ಸೀಮೆಎಣ್ಣೆಯೆಂದೋ ಚಿಮಣಿ ಎಣ್ಣೆಯೆಂದೋ ಕರೆಯುತ್ತಿದ್ದ ವಸ್ತುವನ್ನು ನಮ್ಮ ಹಿರಿಯರು ಇಲ್ಲಿಯ ಅಂಗಡಿಗಳಲ್ಲಿ ರಾಕೇಲ್ ಎಂದು ಕೇಳಿ ತರುತ್ತಿದ್ದರು. ಈ ಮರಾಠಿ ಮಾತಿನಲ್ಲಿ ರಾಕ್ ಆಯಿಲ್, ಅಂದರೆ ಕಲ್ಲೆಣ್ಣೆ, ಎಂಬ ಹಳೆಯ ಹೆಸರಿನ ಧ್ವನಿ ಕೇಳಿಸುತ್ತದೆ. ನೆಲವನ್ನು ಕೊರೆದು ಆ ಕಲ್ಲೆಣ್ಣೆಯನ್ನು ತೆಗೆಯಬಹುದೆಂದು ಅಮೆರಿಕೆಗೆ ತೋರಿಸಿಕೊಟ್ಟವನು ಎಡ್ವಿನ್ ಡ್ರೇಕ್. ಲೋಕವು ಅವನನ್ನು ಕರ್ನಲ್ ಡ್ರೇಕ್ ಎಂದೇ ಬಲ್ಲುದು. ಆದರೆ ಅವನು ಯಾವ ಸೈನ್ಯದ ಕರ್ನಲನೂ ಆಗಿರಲಿಲ್ಲ. ಆ ಬಿರುದು ಬಂದ ಬಗೆಯನ್ನು ಮುಂದೆ ಹೇಳುವೆನು.

ಡ್ರೇಕನು 1819ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀನ್‌ವಿಲ್ ಎಂಬಲ್ಲಿ ಹುಟ್ಟಿ, ವರ್ಮಾಂಟ್ ಪ್ರಾಂತದಲ್ಲಿ ಬೆಳೆದನು. ಹೆಚ್ಚಿನ ವಿದ್ಯೆ ಅವನಿಗೆ ದೊರೆಯಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆ ಬಿಟ್ಟು ದೋಣಿಯಲ್ಲಿ, ಹೋಟೆಲಿನಲ್ಲಿ, ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿ ದುಡಿದು, ಕೊನೆಗೆ ರೈಲ್ವೆಯಲ್ಲಿ ಕಂಡಕ್ಟರನಾದನು. 1854ರಲ್ಲಿ ಹೆಂಡತಿ ತೀರಿಕೊಂಡಳು. 1857ರಲ್ಲಿ ಅವನು ಮರುಮದುವೆಯಾದನು; ಅದೇ ವರ್ಷ ದೇಹಸ್ಥಿತಿ ಕೆಟ್ಟು ಕೆಲಸವನ್ನೂ ಬಿಡಬೇಕಾಯಿತು. ಅವನಲ್ಲಿ ಉಳಿದದ್ದು ರೈಲಿನಲ್ಲಿ ಪುಕ್ಕಟೆಯಾಗಿ ತಿರುಗಾಡುವ ಒಂದು ಪಾಸು. ಲೋಕದ ಇತಿಹಾಸವು ಕೆಲವೊಮ್ಮೆ ಇಂಥ ಕಾಗದದ ಚೂರನ್ನು ಹಿಡಿದು ತಿರುಗುತ್ತದೆ.

ಆ ದಿನಗಳಲ್ಲಿ ಅಮೆರಿಕೆಯ ಸ್ಥಿತಿವಂತರ ಮನೆಗಳಲ್ಲಿ ತಿಮಿಂಗಿಲದ ಎಣ್ಣೆಯ ದೀಪಗಳು ಉರಿಯುತ್ತಿದ್ದವು. ಬೇಟೆಯಿಂದ ತಿಮಿಂಗಿಲಗಳು ವಿರಳವಾಗಿ ಎಣ್ಣೆಯ ಬೆಲೆ ಏರಿತ್ತು. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಹಳ್ಳಿಯ ಬಳಿ ಆಯಿಲ್ ಕ್ರೀಕ್ ಎಂಬ ತೊರೆಯ ನೀರಿನ ಮೇಲೆ ಕಪ್ಪು ಜಿಡ್ಡು ತೇಲುತ್ತಿತ್ತು. ಅಲ್ಲಿಯ ಮೂಲನಿವಾಸಿಗಳಾದ ಸೆನೆಕಾ ಜನರು ಅದನ್ನು ಮದ್ದಾಗಿ ಬಳಸುತ್ತಿದ್ದರು. ಯೇಲ್ ವಿದ್ಯಾಪೀಠದ ರಸಾಯನಶಾಸ್ತ್ರಜ್ಞ ಸಿಲಿಮನ್ ಅದನ್ನು ಪರೀಕ್ಷಿಸಿ, ಬಟ್ಟಿಯಿಳಿಸಿದರೆ ಉತ್ತಮವಾದ ದೀಪದೆಣ್ಣೆ ದೊರೆಯುವುದೆಂದು 1855ರಲ್ಲಿ ವರದಿಯಿತ್ತನು. ಆದರೆ ಕಂಬಳಿಯಿಂದ ಅದ್ದಿ ಹಿಂಡಿದರೆ ದೊರೆಯುವ ಎಣ್ಣೆ ಎಷ್ಟು? ನ್ಯೂ ಹೇವನ್ ನಗರದ ಟೌನ್ಸೆಂಡ್ ಎಂಬ ಬ್ಯಾಂಕಿನವನೂ ಅವನ ಸಂಗಡಿಗರೂ ಅಲ್ಲಿಗೆ ಒಬ್ಬನನ್ನು ಕಳುಹಿಸಲು ಬಯಸಿದರು. ಕೆಲಸವಿಲ್ಲದ, ರೈಲಿನ ಖರ್ಚೂ ಬೇಡದ ಡ್ರೇಕನು ಕಣ್ಣೆದುರಿಗೇ ಇದ್ದನು. ಹಳ್ಳಿಯವರು ಮರ್ಯಾದೆ ಕೊಡಲೆಂದು ಟೌನ್ಸೆಂಡನು ಮುಂಚಿತವಾಗಿಯೇ ಕರ್ನಲ್ ಡ್ರೇಕ್ ಎಂಬ ವಿಳಾಸಕ್ಕೆ ಪತ್ರಗಳನ್ನು ಕಳುಹಿಸಿದನು. ಹೀಗೆ ಅಂಚೆಯ ಚೀಲದಲ್ಲಿ ಬಂದ ಬಿರುದು ಸಾಯುವವರೆಗೂ ಅಂಟಿಕೊಂಡಿತು.

1858ರಲ್ಲಿ ಡ್ರೇಕನು ಮೊದಲು ಆಳುಗಳಿಂದ ಬಾವಿ ತೋಡಿಸಿದನು. ನೀರು ನುಗ್ಗಿ ಕೆಲಸ ನಿಂತಿತು. ಉಪ್ಪುನೀರಿನ ಬಾವಿಗಳನ್ನು ಕೊರೆಯುವಂತೆ ಎಣ್ಣೆಗಾಗಿಯೂ ಕೊರೆಯಬೇಕೆಂದು ಅವನು ನಿಶ್ಚಯಿಸಿದನು. ಕೊರೆಯುವವರು ಸಿಕ್ಕಲಿಲ್ಲ, ಒಪ್ಪಿಕೊಂಡವರೂ ಬರಲಿಲ್ಲ. 1859ರ ವಸಂತದಲ್ಲಿ ವಿಲಿಯಂ ಸ್ಮಿತ್ ಎಂಬ ಕಮ್ಮಾರನು ಬಂದನು. ಈ ಸ್ಮಿತ್ ಮಾಮ ಉಪ್ಪಿನ ಬಾವಿಯ ಉಪಕರಣಗಳನ್ನು ತಯಾರಿಸುವುದರಲ್ಲಿ ಪಳಗಿದ ಕೈ. ಆದರೆ ಕೊರೆದಷ್ಟೂ ಮೇಲಿನ ಮರಳು ಕುಸಿದು ರಂಧ್ರವು ಮುಚ್ಚಿಹೋಗುತ್ತಿತ್ತು. ಆಗ ಡ್ರೇಕನಿಗೆ ಒಂದು ಉಪಾಯ ಹೊಳೆಯಿತು: ಎರಕದ ಕಬ್ಬಿಣದ ಕೊಳವೆಯನ್ನು ಬಂಡೆ ತಗಲುವವರೆಗೆ, ಮೂವತ್ತೆರಡು ಅಡಿಗಳಷ್ಟು, ನೆಲದೊಳಗೆ ಬಡಿದು ಇಳಿಸುವುದು, ಬಳಿಕ ಆ ಕೊಳವೆಯ ಒಳಗಿನಿಂದ ಬಂಡೆಯನ್ನು ಕೊರೆಯುವುದು. ಕುಸಿತ ನಿಂತಿತು. ಉಗಿಯಂತ್ರದ ಬಲದಿಂದ ದಿನಕ್ಕೆ ಮೂರಡಿಯಷ್ಟು ಕೆಲಸ ಸಾಗಿತು. ನೆಲ ಕೊರೆಯುವ ವಿದ್ಯೆ ಚೀನಾದಲ್ಲಿ ಬಹು ಹಳೆಯದು. ಆದರೂ ಈ ಕೊಳವೆಯ ಯುಕ್ತಿಯೇ ಡ್ರೇಕನ ನಿಜವಾದ ಹಿರಿಮೆಯೆಂದು ನನ್ನ ಭಾವನೆ.

ಹಳ್ಳಿಯವರು ಅದನ್ನು ಡ್ರೇಕನ ಹುಚ್ಚೆಂದು ಕರೆದು ನಕ್ಕರು. ಕಂಪೆನಿಯ ಹಣ ಮುಗಿದಾಗ ಅವನು ಊರಿನ ಇಬ್ಬರು ಗೆಳೆಯರ ಜಾಮೀನಿನಲ್ಲಿ ಐನೂರು ಡಾಲರ್ ಸಾಲ ಪಡೆದನು. ಲೆಕ್ಕ ತೀರಿಸಿ ಹಿಂದಿರುಗಬೇಕೆಂದು ಟೌನ್ಸೆಂಡನು ಕೊನೆಯ ಪತ್ರವನ್ನೂ ಬರೆದುಬಿಟ್ಟನು. ಅದು ಕೈಸೇರುವ ಮೊದಲೇ, 1859ರ ಆಗಸ್ಟ್ 27ರಂದು, ಅರುವತ್ತೊಂಬತ್ತೂವರೆ ಅಡಿಗಳ ಆಳದಲ್ಲಿ ಬೈರಿಗೆಯು ಒಂದು ಬಿರುಕಿನೊಳಗೆ ಜಾರಿತು. ಮರುದಿನ ಭಾನುವಾರ. ಸ್ಮಿತ್ತನು ಸುಮ್ಮನೆ ಬಂದು ಕೊಳವೆಯೊಳಗೆ ಬಗ್ಗಿ ನೋಡಿದರೆ ಕಪ್ಪಾದ ಎಣ್ಣೆ ಮೇಲಕ್ಕೆ ಬಂದು ನಿಂತಿತ್ತು!

ಆಮೇಲಿನ ಕಥೆ ಅವಸರದ ಕಥೆ. ಜನರು ಮುಗಿಬಿದ್ದು ತೊರೆಯ ಎರಡು ದಡಗಳನ್ನೂ ಗೇಣಿಗೆ ಹಿಡಿದರು. 1861ರಲ್ಲಿ ತಾನಾಗಿ ಚಿಮ್ಮುವ ಬಾವಿಗಳು ದೊರೆತವು. ಆ ವರ್ಷದ ಆರಂಭದಲ್ಲಿ ಪೀಪಾಯಿಗೆ ಹತ್ತು ಡಾಲರ್ ಇದ್ದ ಎಣ್ಣೆಯ ಬೆಲೆ ವರ್ಷಾಂತ್ಯಕ್ಕೆ ಹತ್ತು ಸೆಂಟಿಗೆ ಇಳಿಯಿತು. ಎಣ್ಣೆಗಿಂತ ಅದನ್ನು ತುಂಬುವ ಪೀಪಾಯಿಯೇ ದುಬಾರಿ! ಬಡವರ ಮನೆಗೂ ಬೆಳಕು ಬಂದಿತು, ನಿಜ. ಅಮೆರಿಕೆಯ ದೀಪದೆಣ್ಣೆ ಕೆಲವೇ ದಶಕಗಳಲ್ಲಿ ತಗಡಿನ ಡಬ್ಬಗಳಲ್ಲಿ ತುಂಬಿಕೊಂಡು ನಮ್ಮ ದೇಶದ ಬಂದರುಗಳಿಗೂ ಬಂದಿತು. ಆದರೆ ಟೈಟಸ್‌ವಿಲ್ಲಿನ ನೆಲ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕಷ್ಟೆ. ಅಟ್ಟಣೆಗಳಿಗಾಗಿ, ಪೀಪಾಯಿಗಳಿಗಾಗಿ, ಉಗಿಯಂತ್ರದ ಉರುವಲಿಗಾಗಿ ಗುಡ್ಡಗಳ ಮರಗಳೆಲ್ಲ ಉರುಳಿದವು. ಹಿಡಿಯಲಾಗದ ಎಣ್ಣೆ ತೊರೆಗೆ ಹರಿಯಿತು. ಬಟ್ಟಿಯಿಳಿಸುವವರಿಗೆ ಬೇಕಾದದ್ದು ದೀಪದೆಣ್ಣೆಯೊಂದೇ. ಇಂದು ನಾವು ಪೆಟ್ರೋಲೆಂದು ಹಣ ಕೊಟ್ಟು ಕೊಳ್ಳುವ ಹಗುರವಾದ ಭಾಗವನ್ನು ಅವರು ನಿರುಪಯೋಗಿಯೆಂದು ನೀರಿಗೆ ಚೆಲ್ಲುತ್ತಿದ್ದರು. ಡ್ರೇಕನ ಬಾವಿಯೇ ಮೊದಲ ವರ್ಷ ದೀಪದ ಕಿಡಿ ತಗಲಿ ಸುಟ್ಟುಹೋಗಿತ್ತು. 1861ರ ಏಪ್ರಿಲಿನಲ್ಲಿ ಹೆನ್ರಿ ರೌಸ್ ಎಂಬುವನ ಬಾವಿ ಹೊತ್ತಿಕೊಂಡಾಗ ಅವನೊಡನೆ ಅನೇಕರು ಸುಟ್ಟು ಸತ್ತರು. ಸಮೀಪದ ಪಿಟ್‌ಹೋಲ್ ಎಂಬ ಸ್ಥಳದಲ್ಲಿ 1865ರಲ್ಲಿ ಎಣ್ಣೆ ಚಿಮ್ಮಿ, ಕೆಲವೇ ತಿಂಗಳಲ್ಲಿ ಸುಮಾರು ಹದಿನೈದು ಸಾವಿರ ಜನರ ಪಟ್ಟಣವೆದ್ದಿತು. ಎಣ್ಣೆ ಬತ್ತಿದೊಡನೆ ಬರಿದಾಗಿ, 1877ರಲ್ಲಿ ಪಟ್ಟಣವೆಂಬ ಹೆಸರನ್ನೂ ಕಳೆದುಕೊಂಡಿತು. ನಮ್ಮ ನಗರದ ತುರ್ಭೆಯಲ್ಲಿ 1954-55ರಿಂದ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳಿವೆ. ಅದರ ಮಗ್ಗುಲಿನ ಮಾಹುಲಿನ ನಿವಾಸಿಗಳು ಕೆಟ್ಟ ಗಾಳಿಯ ವಿಷಯವಾಗಿ ಹಸಿರು ನ್ಯಾಯಮಂಡಳಿಯವರೆಗೆ ಹೋದುದನ್ನು ಬಲ್ಲ ನಿಮಗೆ ಇದೇನೂ ದೂರದ ಮಾತಾಗಿ ತೋರದು.

ಇಷ್ಟರ ನಡುವೆ ಡ್ರೇಕನೆಲ್ಲಿ? ಅವನು ತನ್ನ ಕೊಳವೆಯ ಯುಕ್ತಿಗೆ ಪೇಟೆಂಟ್ ಪಡೆಯಲಿಲ್ಲ; ಸುತ್ತಲಿನ ಭೂಮಿಯನ್ನು ಹಿಡಿಯಲಿಲ್ಲ. ಕೆಲಕಾಲ ಊರಿನ ಶಾಂತಿಪಾಲಕನಾಗಿ, ಎಣ್ಣೆಯ ದಲ್ಲಾಳಿಯಾಗಿ ಸಂಪಾದಿಸಿದ ಹಣವನ್ನು 1863ರಲ್ಲಿ ನ್ಯೂಯಾರ್ಕಿಗೆ ಒಯ್ದು, ಎಣ್ಣೆ ಕಂಪೆನಿಗಳ ಶೇರು ವ್ಯಾಪಾರದಲ್ಲಿ ಪೂರ್ತಿಯಾಗಿ ಕಳೆದುಕೊಂಡನು. ಬೆನ್ನುಮೂಳೆಯ ಬೇನೆ ಅವನನ್ನು ಹಾಸಿಗೆಗೆ ಕೆಡವಿತು. ಹೆಂಡತಿ ಲಾರಾ ಹೊಲಿಗೆ ಹೊಲಿದು ಸಂಸಾರ ತೂಗಿಸಿದಳು. 1869ರಲ್ಲಿ ಹಳೆಯ ಪರಿಚಯದವನೊಬ್ಬನು ಹರಕು ಬಟ್ಟೆಯ ಡ್ರೇಕನನ್ನು ನ್ಯೂಯಾರ್ಕಿನಲ್ಲಿ ಕಂಡು ಮರುಗಿ, ಟೈಟಸ್‌ವಿಲ್ಲಿನಲ್ಲಿ ಚಂದಾ ಎತ್ತಿಸಿದನು. 1873ರಲ್ಲಿ ಪೆನ್ಸಿಲ್ವೇನಿಯಾ ಸರಕಾರವು ಅವನಿಗೆ ಸಾವಿರದ ಐನೂರು ಡಾಲರುಗಳ ವರ್ಷಾಶನವನ್ನು ಗೊತ್ತುಮಾಡಿತು. 1880ರ ನವೆಂಬರಿನಲ್ಲಿ ಬೆತ್ಲೆಹೆಮ್ ಪಟ್ಟಣದಲ್ಲಿ ಅವನು ತೀರಿಕೊಂಡನು.

ಎಣ್ಣೆಯ ವ್ಯಾಪಾರವನ್ನು ಬಹುಮಟ್ಟಿಗೆ ತನ್ನ ಮುಷ್ಟಿಯಲ್ಲಿ ಹಿಡಿದಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯ ರೋಜರ್ಸ್ ಎಂಬ ಧನಿಕನು 1901ರಲ್ಲಿ ಟೈಟಸ್‌ವಿಲ್ಲಿನ ಸ್ಮಶಾನದಲ್ಲಿ ಡ್ರೇಕನಿಗೆ ಭವ್ಯವಾದ ಸ್ಮಾರಕವನ್ನು ಕಟ್ಟಿಸಿದನು. ಮರುವರ್ಷ ಅವನ ಅಸ್ಥಿಗಳನ್ನು ತಂದು ಅಲ್ಲಿ ಹೂಳಿದರು. ಸುತ್ತಿಗೆಯೆತ್ತಿ ಬಂಡೆಯನ್ನು ಕೊರೆಯುತ್ತಿರುವ ಆಳೊಬ್ಬನ ಕಂಚಿನ ಪ್ರತಿಮೆ ಅಲ್ಲಿದೆ. ಆಯಿಲ್ ಕ್ರೀಕಿನ ಗುಡ್ಡಗಳಲ್ಲಿ ಮತ್ತೆ ಕಾಡು ಬೆಳೆದಿದೆ. ಬಾವಿಯ ಸ್ಥಳದಲ್ಲಿ ವಸ್ತುಸಂಗ್ರಹಾಲಯವಿದೆ. ಆದರೆ ಅಂದಿನ ಅವಸರದಲ್ಲಿ ಕೊರೆದು, ಮುಚ್ಚದೆ ಬಿಟ್ಟುಹೋದ ಲೆಕ್ಕಕ್ಕೆ ಸಿಗದ ಬಾವಿಗಳು ಆ ಕಾಡಿನ ಎಲೆಗಳ ಕೆಳಗೆ ಇನ್ನೂ ಅನಿಲವನ್ನು ಸೋರಿಸುತ್ತಿವೆ; ಪೆನ್ಸಿಲ್ವೇನಿಯಾ ಸರಕಾರವು ಅವುಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿಸುತ್ತಿದೆ.