ವಿಧವೆ ಕ್ಲಿಕೊ

ವಿಧವೆ ಎಂಬ ಮಾತನ್ನು ಶುಭಕಾರ್ಯದ ದಿನ ನಮ್ಮ ಹಿರಿಯರು ಬಾಯಿಗೇ ತರುತ್ತಿರಲಿಲ್ಲ. ಫ್ರಾನ್ಸಿನ ಒಬ್ಬ ಹೆಂಗಸು ಅದೇ ಮಾತನ್ನು ಸಂಭ್ರಮಕ್ಕೆಂದೇ ಬಿರಡೆ ತೆಗೆಯುವ ವೈನಿಗೆ ಹೆಸರಾಗಿಟ್ಟಳು. ವವ್ ಕ್ಲಿಕೊ ಅಂದರೆ ವಿಧವೆ ಕ್ಲಿಕೊ ಅಂತಲೇ ಅರ್ಥ.

ಬಾರ್ಬ್-ನಿಕೋಲ್ ಹುಟ್ಟಿದ್ದು 1777ರಲ್ಲಿ, ಷಾಂಪೇನ್ ಪ್ರಾಂತದ ರೀಮ್ಸ್ ಪಟ್ಟಣದಲ್ಲಿ. ತಂದೆ ಬಟ್ಟೆ ಉದ್ಯಮದ ಸಾಹುಕಾರ. 1798ರಲ್ಲಿ ಫ್ರಾನ್ಸ್ವಾ ಕ್ಲಿಕೊನನ್ನು ಮದುವೆಯಾದಳು. 1805ರಲ್ಲಿ ಗಂಡ ತೀರಿಕೊಂಡಾಗ ಅವಳಿಗೆ 27 ವರ್ಷ. ಜೊತೆಗೊಬ್ಬಳು ಪುಟ್ಟ ಮಗಳು. ನೆಪೋಲಿಯನ್ನನ ಕಾನೂನಿನಲ್ಲಿ ಮುತ್ತೈದೆಗೆ ಗಂಡನ ಒಪ್ಪಿಗೆಯಿಲ್ಲದೆ ಕರಾರಿಗೆ ಸಹಿ ಹಾಕುವ ಹಕ್ಕಿರಲಿಲ್ಲ, ವಿಧವೆಗೆ ಇತ್ತು. ಎಂಥ ವಿಚಿತ್ರ ನೋಡಿ! ಮಾವನಿಂದ ಬಂಡವಾಳ ಪಡೆದು ಪಾಲುದಾರನೊಬ್ಬನ ಜೊತೆ ವ್ಯಾಪಾರಕ್ಕಿಳಿದಳು. ಯುದ್ಧದ ಕಾಲ, ಲಾಭ ಕಾಣಲಿಲ್ಲ, ಪಾಲುದಾರ ಹೊರಟುಹೋದ. 1810ರಿಂದ ಅವಳೊಬ್ಬಳೇ.

ಷಾಂಪೇನ್ ಚಳಿಯ ನಾಡು. ಅಲ್ಲಿ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತೆ, ಹುಳಿ ಉಳಿಸಿಕೊಳ್ಳುತ್ತೆ. ಆ ಹುಳಿಯೇ ಈ ವೈನಿನ ಜೀವಾಳ. ಸಾಮಾನ್ಯವಾಗಿ ಹಲವು ವರ್ಷಗಳ ವೈನು ಬೆರೆಸುತ್ತಾರೆ. ಒಳ್ಳೆಯ ಸುಗ್ಗಿ ಬಂದ ವರ್ಷ ಮಾತ್ರ ಅದನ್ನು ಬೇರೆಯಿಟ್ಟು, ಆ ಇಸವಿಯ ಹೆಸರಿನಲ್ಲೇ ತುಂಬಿಡುವುದುಂಟು. ಅದೇ ವಿಂಟೇಜ್. ಈ ಪ್ರಾಂತದ ಮೊದಲ ವಿಂಟೇಜ್ 1810ರ ತನ್ನದೇ ವೈನು ಎಂದು ಅವಳ ಸಂಸ್ಥೆ ಹೇಳಿಕೊಳ್ಳುತ್ತದೆ. ಮರುವರ್ಷ ಆಕಾಶದಲ್ಲಿ ಧೂಮಕೇತು, ನೆಲದಲ್ಲಿ ಅಪೂರ್ವ ಬೆಳೆ. 1814ರಲ್ಲಿ, ರಷ್ಯಾದ ಬಾಗಿಲು ಅಧಿಕೃತವಾಗಿ ತೆರೆಯುವ ಮುಂಚೆಯೇ, 10,550 ಬಾಟಲಿ ಹೊತ್ತ ಹಡಗನ್ನು ಕೋನಿಗ್ಸ್‌ಬರ್ಗ್‌ಗೆ ಕಳಿಸಿಬಿಟ್ಟಳು. ಹಡಗು ಸಿಕ್ಕಿಬಿದ್ದಿದ್ದರೆ ದಿವಾಳಿಯೇ! ಪ್ರತಿಸ್ಪರ್ಧಿಗಳು ಎಚ್ಚರಗೊಳ್ಳುವಷ್ಟರಲ್ಲಿ ಅವಳ ಸರಕು ಖರ್ಚಾಗಿತ್ತು.

ಇನ್ನೊಂದು ತೊಡಕಿತ್ತು. ಗುಳ್ಳೆ ಹುಟ್ಟುವುದು ಬಾಟಲಿಯೊಳಗೆ ಯೀಸ್ಟ್ ಎರಡನೇ ಸಲ ಹುದುಗಿದಾಗ. ಆಮೇಲೆ ಆ ಯೀಸ್ಟ್ ಗಷ್ಟಾಗಿ ಉಳಿದು ವೈನು ಬಗ್ಗಡವಾಗುತ್ತೆ. 1816ರ ಸುಮಾರಿಗೆ ಅವಳ ನೆಲಮಾಳಿಗೆಯಲ್ಲಿ ಮೇಜಿಗೆ ತೂತು ಕೊರೆದು ಬಾಟಲಿಗಳನ್ನು ಕತ್ತು ಕೆಳಗಾಗಿ ನಿಲ್ಲಿಸಿದರು. ದಿನಾ ಅಷ್ಟಷ್ಟೇ ತಿರುಗಿಸಿದರೆ ಗಷ್ಟು ಬಿರಡೆಯ ಬಳಿ ಇಳಿಯುತ್ತೆ. ಬಿರಡೆ ತೆಗೆದರೆ ಅದಷ್ಟೇ ಹೊರಗೆ ಚಿಮ್ಮುತ್ತೆ. ಇಂದು ರಸಿಕರು ಮೂಗು, ನಾಲಗೆಗಿಂತ ಮೊದಲು ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ಗುಳ್ಳೆಗಳ ಸರ ನೋಡುತ್ತಾರಲ್ಲ, ಆ ತಿಳಿ ಬಂದದ್ದು ಹೀಗೆ.

ಅವಳ ಕಾಲದ ರುಚಿ ಮಾತ್ರ ಬೇರೆ. 2010ರಲ್ಲಿ ಬಾಲ್ಟಿಕ್ ಸಮುದ್ರದ ತಳದಲ್ಲಿ, ಮುಳುಗಿದ ಹಡಗೊಂದರಲ್ಲಿ, ಸುಮಾರು 170 ವರ್ಷ ಹಳೆಯ 168 ಬಾಟಲಿ ಸಿಕ್ಕವು. ಕೆಲವು ಅವಳವೇ! ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ; ಇಂದಿನ ಬ್ರೂಟ್ ಷಾಂಪೇನಿನಲ್ಲಿ 12 ಗ್ರಾಂ ದಾಟುವಂತಿಲ್ಲ. ಸವಿದವರಿಗೆ ಮೊದಲು ಬಡಿದದ್ದು ಕೊಟ್ಟಿಗೆಯಂಥ ವಾಸನೆ. ಲೋಟ ಅಲುಗಿಸಿ ಗಾಳಿ ಆಡಿಸಿದ ಮೇಲೆ ಹೊಗೆ, ಮಸಾಲೆ, ಚರ್ಮದ ಪರಿಮಳ ಒಂದೊಂದಾಗಿ ಎದ್ದವಂತೆ. ಹಳೆಯ ವೈನಿಗೆ ತಾಳ್ಮೆ ಬೇಕು.

1866ರಲ್ಲಿ, 88ನೆಯ ವಯಸ್ಸಿನಲ್ಲಿ, ಬೂರ್ಸೋ ಊರಿನ ತನ್ನ ಬಂಗಲೆಯಲ್ಲಿ ಅವಳು ತೀರಿಕೊಂಡಳು. ಮರುಮದುವೆ ಆಗಲೇ ಇಲ್ಲ. ಆಗಿದ್ದರೆ ಸಹಿ ಹಾಕಲು ಮತ್ತೆ ಗಂಡನ ಒಪ್ಪಿಗೆ ಬೇಕಾಗುತ್ತಿತ್ತು.