ಕ್ನುಡ್ಸನ್ ಮತ್ತು ಒಂದು ಬಾಟಲಿ ಸಮುದ್ರ

1927ರ ಸಾಲ್ವೇ ಸಮ್ಮೇಳನದ ಗ್ರೂಪ್ ಫೋಟೋ ನೀವೆಲ್ಲ ನೋಡೇ ಇರ್ತೀರಿ. ಫಿಸಿಕ್ಸ್ ಲ್ಯಾಬಿನ ಗೋಡೆ ಮೇಲೆ ಇರುತ್ತಲ್ಲ, ಅದೇ. ಐನ್‌ಸ್ಟೈನ್, ಮೇಡಂ ಕ್ಯೂರಿ, ಬೋರ್, ಡಿರಾಕ್ ಸಿಕ್ಕಿದ ಮೇಲೆ ನಾವು ಹುಡುಕೋದು ನಿಲ್ಲಿಸ್ತೀವಿ. ಮಧ್ಯದ ಸಾಲಿನಲ್ಲಿ ಎಡದಿಂದ ಎರಡನೆಯವರನ್ನು ಯಾರೂ ಕೇಳೋದಿಲ್ಲ. ಡಿಬೈ ಮತ್ತು ಬ್ರ್ಯಾಗ್ ನಡುವೆ ಕೂತಿರುವ ಅವರ ಹೆಸರು ಮಾರ್ಟಿನ್ ಕ್ನುಡ್ಸನ್. ವ್ಯಾಕ್ಯೂಮ್ ಟೆಕ್ನಾಲಜಿ ಅಥವಾ ಮೈಕ್ರೋಫ್ಲೂಯಿಡಿಕ್ಸ್ ಎಲೆಕ್ಟಿವ್ ತಗೊಂಡವರಿಗೆ ಕ್ನುಡ್ಸನ್ ನಂಬರ್ ಗೊತ್ತಿರುತ್ತೆ. ನನಗೆ ಮಾತ್ರ ಈ ಮನುಷ್ಯ ಸಿಕ್ಕಿದ್ದು ಒಂದು ಮೀನಿನ ತೊಟ್ಟಿಯಿಂದ.

ನಮ್ಮ ದೊಡ್ಡಪ್ಪನ ಮಗ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಎರಡು ಕ್ಲೌನ್ ಮೀನು, ಒಂದಿಷ್ಟು ಹವಳ. ಕಳೆದ ರಜೆಯಲ್ಲಿ ಹೋದಾಗ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮುಳ್ಳು ತೇಲುವ ಪ್ಲಾಸ್ಟಿಕ್ ಹೈಡ್ರೋಮೀಟರ್ 33 ಅನ್ನುತ್ತಿದೆ, ರಿಫ್ರಾಕ್ಟೋಮೀಟರ್ 37 ಅನ್ನುತ್ತಿದೆ. ಅಂದರೆ ಒಂದು ಕೆಜಿ ನೀರಿನಲ್ಲಿ ಅಷ್ಟಷ್ಟು ಗ್ರಾಂ ಉಪ್ಪು. ಹವಳಕ್ಕೆ ಬೇಕಾದದ್ದು 35ರ ಆಸುಪಾಸು. ಮೊದಲನೆಯದನ್ನು ನಂಬಿದರೆ ಉಪ್ಪು ಹಾಕಬೇಕು, ಎರಡನೆಯದನ್ನು ನಂಬಿದರೆ ಸಿಹಿನೀರು ಹಾಕಬೇಕು. ಎರಡು ಉಪಕರಣ ಜಗಳ ಆಡಿದಾಗ ಪಂಚಾಯಿತಿ ಮಾಡೋರು ಯಾರು? ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನ ಸಮುದ್ರ ವಿಜ್ಞಾನಿಗಳ ಮುಂದೆ ಇದ್ದದ್ದೂ ಇದೇ ಪ್ರಶ್ನೆ. ತೊಟ್ಟಿ ಮಾತ್ರ ಸ್ವಲ್ಪ ದೊಡ್ಡದು.

ಕ್ನುಡ್ಸನ್ ಹುಟ್ಟಿದ್ದು 1871ರ ಫೆಬ್ರವರಿ 15ರಂದು, ಡೆನ್ಮಾರ್ಕಿನ ಫ್ಯೂನ್ ದ್ವೀಪದಲ್ಲಿ. ಓದಿದ್ದು ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ. 1895ರಲ್ಲಿ ವಿಶ್ವವಿದ್ಯಾಲಯದ ಚಿನ್ನದ ಪದಕ, ಮರುವರ್ಷ ಭೌತಶಾಸ್ತ್ರದ ಪದವಿ. ಅದೇ ಎರಡು ಬೇಸಿಗೆಗಳಲ್ಲಿ 'ಇಂಗೋಲ್ಫ್' ಎಂಬ ಡ್ಯಾನಿಶ್ ಹಡಗು ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಸುತ್ತಲ ಸಮುದ್ರದ ಸಂಶೋಧನೆಗೆ ಹೊರಟಿತ್ತು. ನೀರಿನ ಅಳತೆಗಳ ಜವಾಬ್ದಾರಿ ಇಪ್ಪತ್ನಾಲ್ಕು ವರ್ಷದ ಈ ಹುಡುಗನ ಮೇಲೆ ಬಿತ್ತು. ನಮ್ಮ ಇಂಟರ್ನ್‌ಶಿಪ್ ವಯಸ್ಸಿಗಿಂತ ಹೆಚ್ಚೇನಿಲ್ಲ.

ಉಪ್ಪು ಅಳೆಯೋದರಲ್ಲಿ ಏನು ಕಷ್ಟ, ನೀರು ಕುದಿಸಿ ಉಳಿದದ್ದನ್ನು ತೂಗಿದರೆ ಆಯ್ತಲ್ಲ ಅನ್ನಿಸಬಹುದು. ಆಗೋದಿಲ್ಲ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಇದೆ. ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಆ ನೀರನ್ನು ಓಡಿಸಲು ಇನ್ನಷ್ಟು ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲವಾಗಿ ಕ್ಲೋರಿನ್ನೇ ಹಾರಿಹೋಗುತ್ತೆ. ಕಾರ್ಬೋನೇಟುಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕಡಿಮೆ ಕಾಯಿಸಿದರೆ ತೂಕ ಜಾಸ್ತಿ, ಹೆಚ್ಚು ಕಾಯಿಸಿದರೆ ಕಡಿಮೆ. ಒಬ್ಬೊಬ್ಬರ ಒಲೆಯಲ್ಲಿ ಒಂದೊಂದು ಉತ್ತರ. ಆಳ ಸಮುದ್ರದಲ್ಲೋ, ವ್ಯತ್ಯಾಸ ಇರೋದೇ ದಶಾಂಶದ ನಂತರದ ಎರಡನೇ ಸ್ಥಾನದಲ್ಲಿ. ಆ ಸಣ್ಣ ವ್ಯತ್ಯಾಸದಿಂದಲೇ ನೀರಿನ ಸಾಂದ್ರತೆ, ಸಾಂದ್ರತೆಯಿಂದ ಪ್ರವಾಹದ ಲೆಕ್ಕ. ನಾರ್ವೆ ಹಡಗಿನ ಅಂಕಿಗೂ ಜರ್ಮನ್ ಹಡಗಿನ ಅಂಕಿಗೂ ತಾಳೆಯಾಗದಿದ್ದರೆ, ಬದಲಾಗಿದ್ದು ಸಮುದ್ರವೋ ಲ್ಯಾಬೋ ಅಂತ ಹೇಳೋಕೇ ಆಗಲ್ಲ.

ಒಂದು ದಾರಿ ಮೊದಲೇ ಗೊತ್ತಿತ್ತು. 'ಚಾಲೆಂಜರ್' ಹಡಗು ಜಗತ್ತಿನ ಸಮುದ್ರಗಳಿಂದ ತಂದ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಒಟ್ಟು ಉಪ್ಪು ಹೆಚ್ಚುಕಮ್ಮಿ ಆದರೂ ಮುಖ್ಯ ಅಯಾನುಗಳ ಪರಸ್ಪರ ಅನುಪಾತ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಕ್ಲೋರೈಡನ್ನು ಮಾತ್ರ ನಿಖರವಾಗಿ ಅಳೆದರೆ ಸಾಕು, ಉಳಿದದ್ದು ಗುಣಾಕಾರ. 1899ರ ಸ್ಟಾಕ್‌ಹೋಮ್ ಸಭೆಯ ನಂತರ ಆ ಗುಣಾಕಾರವನ್ನು ಗಟ್ಟಿ ಮಾಡುವ ಕೆಲಸ ಕ್ನುಡ್ಸನ್‌ಗೆ ಬಂತು. ತೂಕದ ಕಷ್ಟದ ಕೆಲಸ ಮಾಡಿಕೊಟ್ಟವರು ಸೋರೆನ್ಸನ್. ಹೌದು, ಮುಂದೆ 1909ರಲ್ಲಿ ಪಿಎಚ್ ಮಾಪಕ ಕೊಟ್ಟ ಅದೇ ಸೋರೆನ್ಸನ್! 1901ರಲ್ಲಿ ಕ್ನುಡ್ಸನ್ನರ ಜಲ ಕೋಷ್ಟಕಗಳ ಪುಸ್ತಕ ಬಂತು. ಕ್ಲೋರಿನ್ ಅಂಶವನ್ನು 1.805ರಿಂದ ಗುಣಿಸಿ 0.030 ಕೂಡಿಸಿದರೆ ಲವಣಾಂಶ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಡಗಿನವರೆಲ್ಲ ಈ ಲೆಕ್ಕವನ್ನೇ ನಂಬಿದರು.

ಆ 0.030 ಸ್ವಲ್ಪ ನೋಡಿ. ಕ್ಲೋರಿನ್ ಸೊನ್ನೆ ಇದ್ದರೂ ಉಪ್ಪು ಉಳಿಯುತ್ತೆ ಅಂತ ಸಮೀಕರಣ ಹೇಳುತ್ತಿದೆ. ಕಾರಣ, ತೂಗಿದ ಮಾದರಿಗಳು ಒಂಬತ್ತೇ. ಅದರಲ್ಲಿ ಕಡಿಮೆ ಉಪ್ಪಿನವು ಬಾಲ್ಟಿಕ್ ಸಮುದ್ರದವು. ಅಲ್ಲಿಗೆ ನದಿಗಳು ತರುವ ಲವಣದ ಅನುಪಾತವೇ ಬೇರೆ. ಒಂಬತ್ತು ಬಿಂದುಗಳ ಮೇಲೆ ಇಡೀ ಸಾಗರದ ಗೆರೆ ಎಳೆದದ್ದು ಧೈರ್ಯವೇ ಸರಿ. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ಹಾಗೆ ಮಾಡಿದರೆ ವೈವಾದಲ್ಲಿ ಬಿಡ್ತಾರಾ? 1960ರ ದಶಕದಲ್ಲಿ ಆ ಸಂಖ್ಯೆಯನ್ನು ತೆಗೆದು 1.80655ರ ನೇರ ಗುಣಾಕಾರ ತಂದರು. 35ರ ಹತ್ತಿರ ಎರಡೂ ಸೂತ್ರ ಒಂದೇ ಉತ್ತರ ಕೊಡುತ್ತವೆ ಅನ್ನೋದು ಅವರ ಕೆಲಸದ ಗಟ್ಟಿತನ.

ಆದರೆ ನನಗೆ ಸೂತ್ರಕ್ಕಿಂತ ಇಷ್ಟವಾದದ್ದು ಅವರ ಉಪಕರಣ. ಅಳೆಯೋ ವಿಧಾನ ಪಿಯುಸಿಯಲ್ಲಿ ಮಾಡಿದಂಥ ಟೈಟ್ರೇಷನ್ನೇ. ಸಿಲ್ವರ್ ನೈಟ್ರೇಟ್, ಸೂಚಕವಾಗಿ ಕ್ರೋಮೇಟ್. ಅದನ್ನು ಅಲುಗಾಡುವ ಹಡಗಿನವರ ದಿನನಿತ್ಯದ ಕೆಲಸಕ್ಕೆ ಒಗ್ಗಿಸಬೇಕಿತ್ತು. ಕ್ನುಡ್ಸನ್ ಬ್ಯೂರೆಟ್‌ನ ಮೇಲ್ಭಾಗ ಒಂದು ಉಬ್ಬಿದ ಬುರುಡೆ, ಅಳತೆ ಗೆರೆಗಳಿರೋದು ಕೆಳಗಿನ ಸಣ್ಣ ಕೊಳವೆಯಲ್ಲಿ ಮಾತ್ರ. ಹೇಗಿದ್ದರೂ ಸಮುದ್ರದ ನೀರಿಗೆ ಇಷ್ಟು ಬೆಳ್ಳಿ ಬೇಕೇ ಬೇಕು, ಆ ಭಾಗಕ್ಕೆ ಗೆರೆ ಯಾಕೆ? ತುದಿಯಲ್ಲಿ ಕವಾಟ ತಿರುಗಿಸಿದರೆ ಸೊನ್ನೆ ತಾನೇ ಸರಿಯಾಗುತ್ತೆ. ಪಿಪೆಟ್ಟಿನ ಗಾತ್ರಕ್ಕೂ ದ್ರಾವಣದ ಪ್ರಬಲತೆಗೂ ಹೊಂದಿಸಿದ್ದರಿಂದ, ಓದಿದ ಅಂಕಿಯೇ ಸರಿಸುಮಾರು ಕ್ಲೋರಿನ್ ಪ್ರಮಾಣ. ಉಳಿದ ಸಣ್ಣ ತಿದ್ದುಪಡಿ ಕೋಷ್ಟಕದಲ್ಲಿ ಸಿದ್ಧ. ದಣಿದ ಕೈ ಮಾಡುವ ತಪ್ಪುಗಳನ್ನು ಗಾಜಿನಲ್ಲೇ ತಡೆದಿದ್ದಾರೆ.

ಇನ್ನು ಪಂಚಾಯಿತಿಯ ವಿಷಯ. ಎಲ್ಲರ ಸಿಲ್ವರ್ ನೈಟ್ರೇಟೂ ಒಂದೇ ಪ್ರಬಲತೆ ಇರೋದಿಲ್ಲವಲ್ಲ. ಅದಕ್ಕೆ ಕ್ನುಡ್ಸನ್ ಸಮುದ್ರದ ನೀರನ್ನೇ ಸೋಸಿ, ಕ್ಲೋರಿನ್ ಅಂಶವನ್ನು ಅತ್ಯಂತ ಜಾಗರೂಕತೆಯಿಂದ ಅಳೆದು, ಗಾಜಿನ ಕೊಳವೆಗಳಲ್ಲಿ ಮುಚ್ಚಿ ಹಂಚಿದರು. ಮೊದಲು ಈ ನೀರನ್ನು ಅಳೆ, ಆಮೇಲೆ ನಿನ್ನ ಸಮುದ್ರವನ್ನು ಅಳೆ. ನ್ಯಾನ್ಸನ್ ನಡೆಸುತ್ತಿದ್ದ ನಾರ್ವೆಯ ಕೇಂದ್ರ ಪ್ರಯೋಗಾಲಯ 1908ರಲ್ಲಿ ಮುಚ್ಚಿದ ಮೇಲೆ ಈ ಹೊಣೆ ಪೂರ್ತಿ ಕೋಪನ್‌ಹೇಗನ್ನಿಗೆ ಬಂತು. ಜಗತ್ತಿಗೆಲ್ಲ ಅದು ಕೋಪನ್‌ಹೇಗನ್ ನೀರು ಅಂತಲೇ ಪರಿಚಯ.

ಇದರ ಜೊತೆಜೊತೆಗೇ ಅನಿಲಗಳ ಕೆಲಸ. 1909ರಲ್ಲಿ, ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಕ್ಕಿಂತ ಗೋಡೆಗೇ ಹೆಚ್ಚು ಹೊಡೆಯುವಷ್ಟು ತೆಳುವಾದ ಅನಿಲ ಕೊಳವೆಯಲ್ಲಿ ಹೇಗೆ ಹರಿಯುತ್ತೆ ಅಂತ ತೋರಿಸಿದರು. ಇವತ್ತು ಸೆಮಿಕಂಡಕ್ಟರ್ ಪದರ ಬೆಳೆಸುವವರು ಬಳಸುವ ಕ್ನುಡ್ಸನ್ ಸೆಲ್ ಆ ದಾರಿಯದ್ದೇ. 1911ರ ಮೊದಲ ಸಾಲ್ವೇ ಸಭೆಯಲ್ಲೂ ಇದ್ದರು. 1912ರಲ್ಲಿ ಪ್ರೊಫೆಸರ್ ಆದರು. ಆಗ ಇಂಗ್ಲೆಂಡಿನಿಂದ ಮರಳಿದ ಯುವಕ ನೀಲ್ಸ್ ಬೋರ್ ಸ್ವಲ್ಪ ಕಾಲ ಅವರಿಗೆ ಸಹಾಯಕನಾಗಿದ್ದ.

ಆಮೇಲೆ ಒಂದು ವಿಚಿತ್ರ ತೊಂದರೆ ಎದುರಾಯ್ತು. ಪರಮಾಣು ತೂಕಗಳ ಅಂಕಿ ಪರಿಷ್ಕಾರ ಆಗ್ತಾನೇ ಇತ್ತು. ಬೆಳ್ಳಿಯ ತೂಕ ತಿದ್ದಿದರೆ ಕ್ಲೋರಿನ್ ಲೆಕ್ಕವೂ ಬದಲಾಗುತ್ತೆ. ಸಮುದ್ರ ಇದ್ದಂತೇ ಇದೆ, ಆದರೆ ಹಳೆಯ ದಾಖಲೆ ಹೊಸದಕ್ಕೆ ಕೂಡೋದಿಲ್ಲ. ಅರವತ್ತು ದಾಟಿದ ಕ್ನುಡ್ಸನ್, ಯಾಕೋಬ್ಸನ್ ಜೊತೆ ಸೇರಿ 1937ರ ಮೂಲಮಾನ ನೀರು ತಯಾರಿಸಿದರು. ಕ್ಲೋರಿನ್ ಅಂಶದ ವ್ಯಾಖ್ಯೆಯನ್ನೇ ಶುದ್ಧ ಬೆಳ್ಳಿಯ ತೂಕಕ್ಕೆ ಕಟ್ಟಿದರು. 0.3285234 ಕೆಜಿ ಸಮುದ್ರನೀರಿನ ಹ್ಯಾಲೋಜನ್‌ಗಳನ್ನು ಒತ್ತರಿಸಲು ಎಷ್ಟು ಗ್ರಾಂ ಬೆಳ್ಳಿ ಬೇಕೋ, ಅಷ್ಟೇ ಕ್ಲೋರಿನ್ ಅಂಶ. ಇನ್ನು ಪರಮಾಣು ತೂಕದ ಪಟ್ಟಿ ಏನಾದರೂ ಆಗಲಿ. ಇದು ಪ್ರಕಟವಾದದ್ದು 1940ರಲ್ಲಿ, ಜರ್ಮನ್ ಸೇನೆ ಡೆನ್ಮಾರ್ಕಿಗೆ ನುಗ್ಗಿದ ವರ್ಷ. ಮರುವರ್ಷ ನಿವೃತ್ತಿ. 1949ರ ಮೇ 27ರಂದು ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡರು.

1978ರಿಂದ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ, ಟೈಟ್ರೇಷನ್ ಹೋಯ್ತು. ಮಾನಕ ನೀರಿನ ಬಾಟಲಿ ಮಾತ್ರ ಹೋಗಲಿಲ್ಲ. ಈಗ ಅದು ಇಂಗ್ಲೆಂಡಿನಲ್ಲಿ ತಯಾರಾಗುತ್ತೆ.

ಅಣ್ಣನಿಗೆ ಅಕ್ವೇರಿಯಂ ಅಂಗಡಿಯ 35ರ ಮಾನಕ ದ್ರಾವಣ ತರಿಸಿದೆ. ರಿಫ್ರಾಕ್ಟೋಮೀಟರ್‌ಗೆ ಶುದ್ಧ ನೀರಿನಲ್ಲಿ ಸೊನ್ನೆ ಹೊಂದಿಸಿದ್ದ, ಆದರೂ ಅದು ಆ ದ್ರಾವಣವನ್ನು 36.5 ಅಂತ ತೋರಿಸಿತು. ಅದರ ಸ್ಕೇಲ್ ಇದ್ದದ್ದು ಅಡುಗೆ ಉಪ್ಪಿನ ನೀರಿಗೆ, ಸಮುದ್ರದ ನೀರಿಗಲ್ಲ. ಹೈಡ್ರೋಮೀಟರಿನ ಮುಳ್ಳಿನ ಮೇಲೆ ಒಣಗಿದ ಉಪ್ಪು ಕಟ್ಟಿ ಭಾರವಾಗಿತ್ತು. ತೊಳೆದ ಮೇಲೆ 35ರ ಹತ್ತಿರ ಬಂತು. ತೊಟ್ಟಿಯಲ್ಲಿ ಇದ್ದದ್ದು ಸುಮಾರು 35.5. ಉಪ್ಪಿನ ಪ್ಯಾಕೆಟ್ ಒಡೆದಿದ್ದನಂತೆ, ಮತ್ತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ.